ಅನ್ಯವಸ್ತು, ಒಂದು

ಆ ಊರು ನನಗೆ ಮೊದಲು ಸಿಕ್ಕಿದ್ದು ತೂತುಗಳಾಗಿ.
ಸತುವಿನ ತಗಡು, ಏಳು ಅಕ್ಷರ,
ಗೋಣಿಯ ಮೇಲಿಟ್ಟು ಕರಿಶಾಯಿಯ ಬ್ರಷ್ಷು ಎಳೆದರೆ
ಟ್ರಿಯೆಸ್ಟೆ.
ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಮೂವತ್ತೊಂದು ವರ್ಷ
ಅರವತ್ತು ಕೇಜಿಯ ಮೂಟೆಗೊಂದು ಸಲ;
ಓದಲು ಬಂದದ್ದು ಹತ್ತನೇ ವರ್ಷ.
ಅಲ್ಲಿಯವರೆಗೆ ನಾವೆಲ್ಲ ‘ಟ್ರೈಸ್ಟು’ ಅನ್ನುತ್ತಿದ್ದೆವು,
ಲಾರಿಯ ಕ್ಲೀನರೂ.

ಶಿಪ್ಪಿಂಗ್ ಗುಮಾಸ್ತ ಫೆಲಿಕ್ಸನ ಕುರ್ಚಿಯ ಹಿಂದೆ
ಕೊಳ್ಳುವವರು ಕಳಿಸಿದ ಕ್ಯಾಲೆಂಡರು.
ವರ್ಷ ಮುಗಿದರೂ ಇಳಿಸಲಿಲ್ಲ,
ತಾರೀಖು ನೋಡುವುದಕ್ಕಲ್ಲ ಅದು.
ಊಟದ ಬಿಡುವಿನಲ್ಲಿ ಅವನು ಓದಿ ಹೇಳುವನು,
ನಾನು ಮುದ್ದೆ ನುಂಗುತ್ತಾ ಕೇಳುವೆನು:

ಮೂರು ಕಡೆ ಅರಮನೆಯಂಥ ಕಟ್ಟಡ,
ನಾಲ್ಕನೇ ಕಡೆ ಸಮುದ್ರಕ್ಕೇ ಬಿಟ್ಟುಕೊಟ್ಟ ಚೌಕ.
ಮುನ್ನೂರು ವರ್ಷದ ಕೆಳಗೆ ವಿಯೆನ್ನಾದ ದೊರೆ
ಸುಂಕವಿಲ್ಲ ಬನ್ನಿ ಎಂದು ಸಾರಿದ್ದೇ ತಡ
ಗ್ರೀಕರು ಬಂದರು, ಸರ್ಬಿಯದವರು, ಯೆಹೂದಿಗಳು,
ತಮ್ಮ ತಮ್ಮ ದೇವರ ಗಂಟು ಹೊತ್ತು.
ಕಾಲುವೆಯ ಪಕ್ಕದ ಆ ನೀಲಿ ಗುಮ್ಮಟ ಅಂಥವರದ್ದೇ.
ಹಿಂದೆಯೇ ಕಾಫಿ, ಹಡಗು ಹಡಗು.

ಗುಡ್ಡದ ಮೇಲಿನ ಇಗರ್ಜಿ ಮೊದಲು ಎರಡಿತ್ತಂತೆ,
ನಡುವಿನ ಗೋಡೆ ಒಡೆದು ಒಂದೇ ಸೂರು ಹಾಕಿದರಂತೆ.
ನಮ್ಮಲ್ಲಿ ಅಣ್ಣತಮ್ಮಂದಿರು ಒಂದನ್ನ ಎರಡು ಮಾಡ್ತಾರಪ್ಪ ಅಂದೆ.
ಫೆಲಿಕ್ಸ್ ನಕ್ಕು ತನ್ನ ಡಬ್ಬಿಯ ಮೀನು ನನ್ನ ತಟ್ಟೆಗೆ ಹಾಕಿದ.

ಅದೇ ಗುಡ್ಡದ ಬುಡದಲ್ಲಿ ಹಳೇ ಮನೆಗಳ ಸಾಲು ಕೆಡವಿದಾಗ
ರೋಮನರ ಕಾಲದ ನಾಟಕಶಾಲೆ,
ಕಲ್ಲಿನ ಮೆಟ್ಟಿಲುಗಳು ಆಟ ಶುರುವಾಗಲೆಂದು
ಕಾಯುತ್ತಾ ಕೂತೇ ಇದ್ದವು.
ಮೇಲೆ ಒಲೆ ಉರಿಸಿ ತೊಟ್ಟಿಲು ತೂಗಿದವರಿಗೆ
ಗೊತ್ತೇ ಇರಲಿಲ್ಲ.

ಆಮೇಲೆ ದೊರೆ ಹೋದ. ಬಂದರು ಉಳಿಯಿತು.
ಯಾವ ದೇಶದ್ದೆಂದು ಏಳು ವರ್ಷ ಇತ್ಯರ್ಥವಾಗದೆ
ಊರು ಕಾಫಿ ಕುಡಿಯುತ್ತಾ ಕೂತಿತ್ತು.

ಇದನ್ನು ಮಾತ್ರ ನನಗೆ ಓದಿ ಹೇಳಬೇಕಿರಲಿಲ್ಲ.
ನಾನು ದಿನಾ ಬಸ್ಸು ಹತ್ತುವುದು ಹಳೇಬೀಡಿನಲ್ಲಿ.
ದೋರಸಮುದ್ರ! ಹೆಸರಿನಲ್ಲಿ ಸಮುದ್ರ, ಎದುರಿಗೆ ಕೆರೆ.
ದೊರೆ ಹೋದ ಮೇಲೆ ಊರಿಗೆ ದಕ್ಕಿದ್ದು ಹಳೇದಾದ ಹೆಸರು.
ಬಚ್ಚಲಿಗೆ ಗುಂಡಿ ತೋಡಿದಾಗ ಸಿಕ್ಕಿತು
ಬಳಪದ ಕಲ್ಲಿನ ಆನೆ, ಸೊಂಡಿಲಿಲ್ಲ.
ಅದರ ಬೆನ್ನ ಮೇಲೆ ಬಟ್ಟೆ ಒಗೆಯುತ್ತಾಳೆ ನಮ್ಮತ್ತಿಗೆ,
ಇಲಾಖೆಯ ಜೀಪು ಬಂದರೆ ಚಾಪೆ ಹೊದಿಸುತ್ತಾಳೆ.

ಫೆಬ್ರವರಿಯ ಹಾಳೆಯಲ್ಲಿ ಗಾಳಿ.
ಅದಕ್ಕೆ ಹೆಸರೇ ಇದೆ: ಬೋರಾ.
ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಿದ್ದರಂತೆ ಜನ ಹಿಡಿದು ನಡೆಯಲೆಂದು.
ಟೋಪಿ ಹಾರಿಹೋದ ಒಬ್ಬಾಕೆ
ಎರಡೂ ಕೈಯಲ್ಲಿ ಹಗ್ಗ ಹಿಡಿದು ನಗುತ್ತಿದ್ದಾಳೆ.
ಬೀಜ ಆರಿಸುವ ಖುರ್ಷಿದಾ ಸಂಬಳದ ಸಹಿಗೆ ಬಂದಾಗಲೆಲ್ಲ
ಅದೇ ಹಾಳೆ ತಿರುಗಿಸಿ ನೋಡುತ್ತಿದ್ದಳು.

ಒಂದು ಆಷಾಢದಲ್ಲಿ ಅಲ್ಲಿಂದ ಲಕೋಟೆ.
ಮೂಟೆಯ ನಂಬರು, ತೂಕ, ಆಮೇಲೆ ದೂರು:
ಅನ್ಯವಸ್ತು, ಒಂದು. ಗಾಜು. ಹಸಿರು.
ಪ್ಲಾಸ್ಟಿಕ್ ಚೀಟಿಯೊಳಗೆ ಉಗುರಿನಷ್ಟು ಬಳೆಚೂರು.

ಮ್ಯಾನೇಜರು ಅರವತ್ತು ಹೆಂಗಸರನ್ನು ಸಾಲು ನಿಲ್ಲಿಸಿದರು.
ಕರಿ ಬೀಜ, ಒಡಕು ಬೀಜ, ಹುಳು ತಿಂದದ್ದು
ಎಲ್ಲ ಕಾಣುವ ಕಣ್ಣುಗಳು ಆ ಹೊತ್ತು ಏನನ್ನೂ ಕಾಣಲಿಲ್ಲ.
ಮರುದಿನದಿಂದ ಬಾಗಿಲ ಹೊರಗೆ ಮೊಳೆಗಳ ಸಾಲು,
ಬಳೆ ಕಳಚಿಟ್ಟು ಒಳಗೆ ಬರಬೇಕು.
ಆರಿಸುವ ಕೊಠಡಿಯಲ್ಲಿ ಸದ್ದು ಕಡಿಮೆಯಾಯಿತು,
ಬರೀ ಬೀಜ ಉರುಳುವುದು ಕೇಳುತ್ತಿತ್ತು.

ಫೈಲು ಮುಚ್ಚುವ ದಿನ ಫೆಲಿಕ್ಸ್ ಆ ಚೂರನ್ನು ಬುಟ್ಟಿಗೆ ಹಾಕಿದ.
ನಾನು ಹೆಕ್ಕಿಕೊಂಡೆ.
ಬಸ್‌ಸ್ಟ್ಯಾಂಡಿನಲ್ಲಿ ಖುರ್ಷಿದಾಳ ಅಂಗೈಗೆ ಇಟ್ಟೆ, ಏನೂ ಕೇಳಲಿಲ್ಲ.
ಅವಳೂ ಅಲ್ಲವೆನ್ನಲಿಲ್ಲ.
ಕಟ್ಟಿನಕೆರೆ ಮಾರ್ಕೆಟ್ಟಿಂದು, ಡಜನ್ನಿಗೆ ನಲವತ್ತು, ಅಂದಳು.
ಬೆಳಕಿಗೆ ಹಿಡಿದು ತಿರುಗಿಸಿದಳು,
ಹಡಗು, ಕಾಲುವೆ, ಗಾಳಿ ಏನಾದರೂ ಅಂಟಿದೆಯೋ ಎಂದು.

ಅರಸೀಕೆರೆ ಬಸ್ಸು ಬಂತು. ಹತ್ತಲಿಲ್ಲ.
‘ಅಷ್ಟು ಬೀಜದಲ್ಲಿ ಇದು ಕಾಣ್ಬೇಕು ಅಂದ್ರೆ,
ಅಲ್ಲೂ ಯಾರೋ ಕೂತು ಆರಿಸ್ತಾಳೆ ಅಂತಾಯ್ತಲ್ಲ.’

ಕ್ಯಾಲೆಂಡರಿನ ಹನ್ನೆರಡೂ ಹಾಳೆ ಮಾರನೇ ದಿನ ತಿರುವಿ ನೋಡಿದೆ.
ಅವಳ ಚಿತ್ರ ಇಲ್ಲ.